ಗೃಹಬಳಕೆಯ ಮರುಚಾರ್ಜ್ ಆಲ್ಕಲೈನ್ ಬ್ಯಾಟರಿಗಳು: ಸಾಲಿಗ್ರಾಮ ಭಾಗದ ಗ್ರಾಹಕರಿಗೆ ಮಾಹಿತಿ

1. ಪೀಠಿಕೆ

ಮೈಸೂರು ಜಿಲ್ಲೆಯ ಸಾಲಿಗ್ರಾಮ, ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ಭಾಗದ ಮನೆಗಳಲ್ಲಿ ಸಣ್ಣ ಬ್ಯಾಟರಿಗಳ ಬಳಕೆಯು ಗೋಡೆ ಗಡಿಯಾರ ಮತ್ತು ಟಿ.ವಿ. ರಿಮೋಟ್‌ಗಳಿಗೆ ಸೀಮಿತವಾಗಿಲ್ಲ. ರಾತ್ರಿ ಪಾಳಿಯ ವಿದ್ಯುತ್ತಿಗೆ ಕಾದು ಪಂಪ್‌ಸೆಟ್ ಚಾಲೂ ಮಾಡಲು ಗದ್ದೆಗೆ ಹೋಗುವ ರೈತರು, ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ನನ್ನು ರಾತ್ರಿಯಿಡೀ ಕಾಯುವವರು, ಕಾಡಂಚಿನ ದಾರಿಯಲ್ಲಿ ಆನೆಯ ಸುಳಿವು ನೋಡಿಕೊಂಡು ನಡೆಯಬೇಕಾದವರು ಟಾರ್ಚಿನ ಬೆಳಕನ್ನೇ ನಂಬಿರುತ್ತಾರೆ. ಮನೆಯಲ್ಲಿಯೇ ರಕ್ತದೊತ್ತಡ ನೋಡಿಕೊಳ್ಳುವ ಹಿರಿಯರಿಗೆ ಯಂತ್ರದ ಶೆಲ್ ಅಗತ್ಯದ ವೇಳೆಗೆ ಸರಿಯಾಗಿರಬೇಕಾಗುತ್ತದೆ.

ಈ ಭಾಗದಲ್ಲಿ ಟಾರ್ಚಿಗೆ ‘ಬ್ಯಾಟರಿ’ ಎಂದೂ, ಅದರೊಳಗೆ ಹಾಕುವ ಕೋಶಕ್ಕೆ ‘ಶೆಲ್’ ಎಂದೂ ಕರೆಯುವ ರೂಢಿಯಿದೆ. ಗೊಂದಲವಾಗದಿರಲೆಂದು ಈ ಲೇಖನದಲ್ಲಿ ಕೋಶವನ್ನು ‘ಶೆಲ್’ ಎಂದೇ ಹೆಸರಿಸಲಾಗಿದೆ.

ಬಳಸಿ ಎಸೆಯುವ ಶೆಲ್‌ಗಳ ಬದಲಿಗೆ ಮರುಚಾರ್ಜ್ ಶೆಲ್‌ಗಳನ್ನು ಕೊಳ್ಳುವವರು ಮೂರು ಅಂಶಗಳನ್ನು ಮೊದಲೇ ತಿಳಿದಿರುವುದು ಸೂಕ್ತ. ಮೊದಲನೆಯದಾಗಿ, ಪೊಟ್ಟಣದ ಮೇಲೆ ‘ಆಲ್ಕಲೈನ್’ ಎಂದಿದ್ದ ಮಾತ್ರಕ್ಕೆ ಆ ಶೆಲ್ಲನ್ನು ಮರುಚಾರ್ಜ್ ಮಾಡಲಾಗದು. ಎರಡನೆಯದಾಗಿ, ಒಂದು ವಿಧದ ಶೆಲ್‌ಗೆ ಮಾಡಿದ ಚಾರ್ಜರ್ ಇನ್ನೊಂದು ವಿಧಕ್ಕೆ ಆಗಿಬರುವುದಿಲ್ಲ. ಮೂರನೆಯದಾಗಿ, ಮನೆಯ ಎಲ್ಲ ಉಪಕರಣಗಳಿಗೂ ಮರುಚಾರ್ಜ್ ಶೆಲ್ ಲಾಭಕರವಲ್ಲ. ಈ ಮೂರರ ವಿವರವನ್ನು ಮುಂದೆ ನೀಡಲಾಗಿದೆ.

2. ಶೆಲ್‌ಗಳ ವಿಧಗಳು ಮತ್ತು ಗುರುತಿನ ಅಕ್ಷರಗಳು

ನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಶೆಲ್‌ಗಳ ಒಳಗಿನ ರಾಸಾಯನಿಕ ಬೇರೆ ಬೇರೆಯಾಗಿರುತ್ತದೆ. ಅದನ್ನು ತಿಳಿಸಲು ಅಂತರರಾಷ್ಟ್ರೀಯ ಸಂಕೇತವೊಂದನ್ನು ಶೆಲ್‌ನ ಮೈಮೇಲೆ ಸಣ್ಣ ಅಕ್ಷರಗಳಲ್ಲಿ ಮುದ್ರಿಸಲಾಗಿರುತ್ತದೆ. ಪೆನ್ಸಿಲ್ ಶೆಲ್ ಎಂದು ಕರೆಯುವ ‘ಎಎ’ ಗಾತ್ರದಲ್ಲಿ ಸಂಕೇತಗಳು ಈ ಕೆಳಕಂಡಂತಿವೆ.

(ಅ) ‘ಆರ್6’: ಸತು-ಇಂಗಾಲದ ಸಾಮಾನ್ಯ ಶೆಲ್. 1.5 ವೋಲ್ಟ್. ಮರುಚಾರ್ಜ್ ಮಾಡುವಂತಿಲ್ಲ.

(ಆ) ‘ಎಲ್‌ಆರ್6’: ಆಲ್ಕಲೈನ್ ಶೆಲ್. 1.5 ವೋಲ್ಟ್. ‘ರೀಚಾರ್ಜಬಲ್’ ಎಂದು ಸ್ಪಷ್ಟವಾಗಿ ಮುದ್ರಿತವಾಗಿರದಿದ್ದರೆ ಮರುಚಾರ್ಜ್ ಮಾಡುವಂತಿಲ್ಲ.

(ಇ) ‘ಎಚ್‌ಆರ್6’: ನಿಕ್ಕಲ್-ಮೆಟಲ್ ಹೈಡ್ರೈಡ್ ಶೆಲ್. 1.2 ವೋಲ್ಟ್. ಮರುಚಾರ್ಜ್ ಮಾಡಬಹುದು.

(ಈ) ‘ಕೆಆರ್6’: ನಿಕ್ಕಲ್-ಕ್ಯಾಡ್ಮಿಯಂ ಶೆಲ್. 1.2 ವೋಲ್ಟ್. ಮರುಚಾರ್ಜ್ ಮಾಡಬಹುದು, ಆದರೆ ಕ್ಯಾಡ್ಮಿಯಂ ವಿಷಕಾರಿ ಲೋಹ.

ಸಣ್ಣ ರಿಮೋಟ್‌ಗಳಲ್ಲಿ ಬಳಸುವ ‘ಎಎಎ’ ಗಾತ್ರಕ್ಕೆ 6ರ ಬದಲು 03 ಎಂದೂ, ಟಾರ್ಚಿನ ದಪ್ಪ ಶೆಲ್‌ಗೆ (‘ಡಿ’ ಗಾತ್ರ) 20 ಎಂದೂ ಇರುತ್ತದೆ. ಮುಂದಿನ ಅಕ್ಷರಗಳ ಅರ್ಥ ಬದಲಾಗುವುದಿಲ್ಲ. ಅಂಗಡಿಯಲ್ಲಿ ಬಣ್ಣ ಅಥವಾ ಹೆಸರನ್ನು ನೋಡುವುದಕ್ಕಿಂತ ಈ ಅಕ್ಷರಗಳನ್ನು ನೋಡುವುದು ವಿಶ್ವಾಸಾರ್ಹ.

3. ‘ಮರುಚಾರ್ಜ್ ಆಲ್ಕಲೈನ್’ ಎಂಬುದರ ಎರಡು ಅರ್ಥಗಳು

‘ಆಲ್ಕಲೈನ್’ ಎಂದರೆ ಕ್ಷಾರೀಯ. ಶೆಲ್‌ನೊಳಗಿನ ದ್ರಾವಣವು ಆಮ್ಲವಾಗಿರದೆ ಕ್ಷಾರವಾಗಿರುತ್ತದೆ, ಸಾಮಾನ್ಯವಾಗಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಆಗಿರುತ್ತದೆ ಎಂಬುದು ಇದರ ಸಾರ. ಈ ಪದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ.

ಮೊದಲನೆಯ ಅರ್ಥದಲ್ಲಿ, ಇದು ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಬಳಸಿದ 1.5 ವೋಲ್ಟಿನ ಶೆಲ್. ಇದರ ಎಸೆಯುವ ರೂಪವನ್ನು 1950ರ ದಶಕದಲ್ಲಿ ಯೂನಿಯನ್ ಕಾರ್ಬೈಡ್ ಸಂಸ್ಥೆಯಲ್ಲಿ ಲೂಯಿಸ್ ಅರ್ರಿ ಮತ್ತು ಸಹೋದ್ಯೋಗಿಗಳು ರೂಪಿಸಿದರು. ಅವರಲ್ಲೊಬ್ಬರಾದ ಕಾರ್ಲ್ ಕೋರ್ಡೆಶ್ ಮುಂದೆ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಇದೇ ಶೆಲ್ಲಿನ ಮರುಚಾರ್ಜ್ ರೂಪವನ್ನು ಅಭಿವೃದ್ಧಿಪಡಿಸಿದರು. 1993ರಲ್ಲಿ ಅಮೆರಿಕದ ರೇಯೋವ್ಯಾಕ್ ಸಂಸ್ಥೆಯು ಇದನ್ನು ‘ರಿನ್ಯೂವಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬಳಿಕ ಅದರ ಮಾರಾಟ ನಿಂತಿತು.

ಈ ಶೆಲ್‌ನ ಅನುಕೂಲಗಳು: ಪೂರ್ತಿ 1.5 ವೋಲ್ಟ್ ದೊರೆಯುತ್ತದೆ. ಕೊಂಡ ದಿನವೇ ಚಾರ್ಜ್ ತುಂಬಿರುತ್ತದೆ. ಬಳಸದೆ ಇಟ್ಟರೂ ಚಾರ್ಜ್ ಬಹುಕಾಲ ಉಳಿಯುತ್ತದೆ. ಅನನುಕೂಲವೆಂದರೆ ಪ್ರತಿ ಮರುಚಾರ್ಜಿನ ನಂತರವೂ ಅದರ ಸಾಮರ್ಥ್ಯ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಪ್ರತಿ ಬಾರಿ ಪೂರ್ತಿ ಖಾಲಿಯಾಗುವವರೆಗೆ ಬಳಸಿದರೆ ಎರಡು ಮೂರು ಡಜನ್ ಮರುಚಾರ್ಜ್‌ಗಳಲ್ಲಿಯೇ ಅದು ಬಹುಪಾಲು ನಿರುಪಯುಕ್ತವಾಗುತ್ತದೆ. ಸ್ವಲ್ಪ ಬಳಸಿದ ಕೂಡಲೇ ಚಾರ್ಜ್ ಮಾಡುತ್ತಾ ಬಂದರೆ ಹೆಚ್ಚು ಬಾರಿ ಬಾಳುತ್ತದೆ. ಇದಕ್ಕೆ ಇದರದೇ ಚಾರ್ಜರ್ ಬೇಕು.

ಎರಡನೆಯ ಅರ್ಥದಲ್ಲಿ, ಕ್ಷಾರೀಯ ದ್ರಾವಣವಿರುವ ಎಲ್ಲ ಮರುಚಾರ್ಜ್ ಶೆಲ್‌ಗಳೂ ಈ ಗುಂಪಿಗೆ ಸೇರುತ್ತವೆ. ನಿಕ್ಕಲ್ ಬಳಸಿದ ಶೆಲ್‌ಗಳು ಇಂತಹವು. ಭಾರತೀಯ ಮಾನಕ ಐಎಸ್ 16046ರ ಶೀರ್ಷಿಕೆಯಲ್ಲಿಯೂ ಈ ಪದವು ಇದೇ ವಿಶಾಲ ಅರ್ಥದಲ್ಲಿದೆ. ಅಂಗಡಿಗಳಲ್ಲಿ ‘ರೀಚಾರ್ಜಬಲ್’ ಎಂದು ಸಾಮಾನ್ಯವಾಗಿ ದೊರೆಯುವ ಶೆಲ್ ನಿಕ್ಕಲ್-ಮೆಟಲ್ ಹೈಡ್ರೈಡ್ ಆಗಿರುತ್ತದೆ. ಆದುದರಿಂದ ಮುಂದಿನ ಸೂಚನೆಗಳು ಮುಖ್ಯವಾಗಿ ಅದಕ್ಕೆ ಸಂಬಂಧಿಸಿವೆ.

4. 1.2 ವೋಲ್ಟ್ ಸಾಕಾಗುತ್ತದೆಯೇ?

ಎಸೆಯುವ ಆಲ್ಕಲೈನ್ ಶೆಲ್ 1.5 ವೋಲ್ಟಿನಿಂದ ಆರಂಭವಾದರೂ ಬಳಸಿದಂತೆ ವೋಲ್ಟೇಜ್ ಇಳಿಯುತ್ತಾ ಹೋಗಿ ಸುಮಾರು 0.9 ವೋಲ್ಟಿಗೆ ಮುಗಿಯುತ್ತದೆ. ನಿಕ್ಕಲ್-ಮೆಟಲ್ ಹೈಡ್ರೈಡ್ ಶೆಲ್ ತನ್ನ ಬಳಕೆಯ ಹೆಚ್ಚಿನ ಅವಧಿಯಲ್ಲಿ 1.2 ವೋಲ್ಟಿನ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಆದುದರಿಂದ ಬಹುತೇಕ ಉಪಕರಣಗಳಿಗೆ ಇದು ಸಾಕಾಗುತ್ತದೆ.

ಆದರೆ ಎರಡು ವಿಷಯಗಳನ್ನು ಗಮನಿಸತಕ್ಕದ್ದು. ನಾಲ್ಕು ಶೆಲ್ ಹಾಕುವ ಉಪಕರಣಕ್ಕೆ 6 ವೋಲ್ಟಿನ ಬದಲು 4.8 ವೋಲ್ಟ್ ಮಾತ್ರ ಸಿಗುವುದರಿಂದ ಕೆಲವು ಯಂತ್ರಗಳು ಶೆಲ್ ತುಂಬಿದ್ದರೂ ‘ಬ್ಯಾಟರಿ ಕಡಿಮೆ’ ಎಂಬ ಗುರುತನ್ನು ತೋರಿಸಬಹುದು. ಅಲ್ಲದೆ ಈ ಶೆಲ್ ಕೊನೆಯಲ್ಲಿ ಮುನ್ಸೂಚನೆ ನೀಡದೆ ಬೇಗನೆ ಇಳಿಯುತ್ತದೆ. ಸಾಮಾನ್ಯ ಶೆಲ್ಲಿನ ಟಾರ್ಚ್ ಮಂಕಾಗುತ್ತಾ ಬಂದು ಎಚ್ಚರಿಸುವಂತೆ ಇದು ಎಚ್ಚರಿಸುವುದಿಲ್ಲ. ರಾತ್ರಿ ಗದ್ದೆಗೆ ಅಥವಾ ಕಾಡಂಚಿನ ದಾರಿಯಲ್ಲಿ ಹೋಗುವವರು ಚಾರ್ಜ್ ಮಾಡಿದ ಇನ್ನೊಂದು ಜೊತೆ ಶೆಲ್‌ಗಳನ್ನು ಕೈಯಲ್ಲಿರಿಸಿಕೊಳ್ಳುವುದು ಕ್ಷೇಮ.

5. ಯಾವ ಉಪಕರಣಕ್ಕೆ ಯಾವ ಶೆಲ್?

(ಅ) ಗೋಡೆ ಗಡಿಯಾರ ಮತ್ತು ರಿಮೋಟ್: ಇವು ಬಹಳ ಕಡಿಮೆ ವಿದ್ಯುತ್ ಬಳಸುತ್ತವೆ. ಎಸೆಯುವ ಸಾಮಾನ್ಯ ಶೆಲ್ ಸಾಕು.

(ಆ) ನಿತ್ಯ ಬಳಸುವ ಟಾರ್ಚ್, ಮಕ್ಕಳ ಓಡುವ ಆಟಿಕೆ, ತಂತಿರಹಿತ ಮೈಕ್, ಕ್ಯಾಮೆರಾದ ಫ್ಲ್ಯಾಶ್: ಇವು ಹೆಚ್ಚು ವಿದ್ಯುತ್ ಬಳಸುತ್ತವೆ. ಮರುಚಾರ್ಜ್ ಶೆಲ್ ಸೂಕ್ತ.

(ಇ) ರಕ್ತದೊತ್ತಡ ಅಳೆಯುವ ಯಂತ್ರ: ಯಂತ್ರದ ಕೈಪಿಡಿಯಲ್ಲಿ ಮರುಚಾರ್ಜ್ ಶೆಲ್‌ಗೆ ಒಪ್ಪಿಗೆಯಿದ್ದರೆ ಮಾತ್ರ ಬಳಸತಕ್ಕದ್ದು. ಇಲ್ಲವಾದಲ್ಲಿ ಎಸೆಯುವ ಆಲ್ಕಲೈನ್ ಶೆಲ್ ಅಥವಾ ತಯಾರಕರು ಸೂಚಿಸಿದ ಅಡಾಪ್ಟರ್ ಬಳಸಬಹುದು.

(ಈ) ತುರ್ತಿಗೆಂದು ತಿಂಗಳುಗಟ್ಟಲೆ ಎತ್ತಿಟ್ಟಿರುವ ಟಾರ್ಚ್: ಹಳೆಯ ಬಗೆಯ ನಿಕ್ಕಲ್-ಮೆಟಲ್ ಹೈಡ್ರೈಡ್ ಶೆಲ್ ಸುಮ್ಮನೆ ಇಟ್ಟರೂ ಕೆಲವು ತಿಂಗಳಲ್ಲಿ ಬರಿದಾಗುತ್ತದೆ. 2005ರಲ್ಲಿ ಜಪಾನಿನ ಸ್ಯಾನ್ಯೊ ಸಂಸ್ಥೆಯು ‘ಎನೆಲೂಪ್’ ಎಂಬ ಹೆಸರಿನಲ್ಲಿ, ಒಂದು ವರ್ಷದ ನಂತರವೂ ಹೆಚ್ಚಿನ ಚಾರ್ಜ್ ಉಳಿಸಿಕೊಳ್ಳುವ ಬಗೆಯನ್ನು ಹೊರತಂದಿತು. ಬಳಿಕ ಇತರ ತಯಾರಕರೂ ಇಂತಹ ಶೆಲ್‌ಗಳನ್ನು ಮಾಡಿದರು. ಇವುಗಳ ಪೊಟ್ಟಣದ ಮೇಲೆ ‘ಬಳಕೆಗೆ ಸಿದ್ಧ’ ಅಥವಾ ‘ಕಡಿಮೆ ಸ್ವಯಂವಿಸರ್ಜನೆ’ ಎಂಬ ಅರ್ಥದ ಇಂಗ್ಲಿಷ್ ಬರಹವಿರುತ್ತದೆ. ಎತ್ತಿಡುವ ಟಾರ್ಚಿಗೆ ಇಂತಹದನ್ನು ಅಥವಾ ಎಸೆಯುವ ಆಲ್ಕಲೈನ್ ಶೆಲ್ಲನ್ನು ಆರಿಸಿಕೊಳ್ಳಬಹುದು.

6. ಖರ್ಚಿನ ಲೆಕ್ಕ

ಮರುಚಾರ್ಜ್ ಶೆಲ್ ಲಾಭಕರವೇ ಎಂಬುದನ್ನು ಗ್ರಾಹಕರು ತಾವೇ ಲೆಕ್ಕ ಹಾಕಬಹುದು. ಚಾರ್ಜರ್ ಮತ್ತು ಮರುಚಾರ್ಜ್ ಶೆಲ್‌ಗಳ ಒಟ್ಟು ಬೆಲೆಯನ್ನು ಒಂದು ಎಸೆಯುವ ಶೆಲ್‌ನ ಬೆಲೆಯಿಂದ ಭಾಗಿಸಬೇಕು. ಬಂದ ಸಂಖ್ಯೆಯಷ್ಟು ಎಸೆಯುವ ಶೆಲ್‌ಗಳ ಖರೀದಿ ತಪ್ಪಿದ ನಂತರ ಉಳಿತಾಯ ಆರಂಭವಾಗುತ್ತದೆ.

ಉದಾಹರಣೆಗೆ, ಭಾಗಲಬ್ಧವು 60 ಎಂದಿಟ್ಟುಕೊಳ್ಳಬಹುದು. ತಿಂಗಳಿಗೆ 4 ಶೆಲ್ ಬದಲಿಸುವ ಮನೆಯಲ್ಲಿ ಹಾಕಿದ ಹಣ 15 ತಿಂಗಳಲ್ಲಿ ಹಿಂದಿರುಗುತ್ತದೆ. ವರ್ಷಕ್ಕೆ ಒಂದೇ ಶೆಲ್ ಬೇಡುವ ಗಡಿಯಾರಕ್ಕಾಗಿಯೇ ಇವನ್ನು ಕೊಂಡರೆ ಹಣ ಹಿಂದಿರುಗಲು 60 ವರ್ಷ ಬೇಕಾಗುತ್ತದೆ. ಶೆಲ್ ಅಷ್ಟು ಕಾಲ ಬಾಳುವುದಿಲ್ಲ.

ವಿದ್ಯುತ್ತಿನ ಖರ್ಚು ಅತ್ಯಲ್ಪ. 2000 ಮಿಲಿಆಂಪಿಯರ್-ಗಂಟೆಯ ಒಂದು ಶೆಲ್‌ನಲ್ಲಿ 2.4 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ನಾಲ್ಕು ಶೆಲ್‌ಗಳಿಗೆ ಚಾರ್ಜರಿನ ನಷ್ಟವೂ ಸೇರಿ 20 ವ್ಯಾಟ್-ಗಂಟೆ ಎಂದು ಹಿಡಿದರೂ ವಿದ್ಯುತ್ ಬಿಲ್ಲಿನ ಒಂದು ಯೂನಿಟ್‌ನಲ್ಲಿ ಇಂತಹ ನಾಲ್ಕರ ಜೊತೆಯನ್ನು 50 ಬಾರಿ ಚಾರ್ಜ್ ಮಾಡಬಹುದು.

7. ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು

(ಅ) ಭಾರತೀಯ ಮಾನಕ ಬ್ಯೂರೋ ನೋಂದಣಿ: ಕ್ಷಾರೀಯ ಅಥವಾ ಆಮ್ಲೇತರ ದ್ರಾವಣವಿರುವ, ಕೈಯಲ್ಲಿ ಒಯ್ಯುವ ಉಪಕರಣಗಳ ಮರುಚಾರ್ಜ್ ಶೆಲ್‌ಗಳನ್ನು 2014ರಲ್ಲಿ ಕೇಂದ್ರ ಸರ್ಕಾರದ ಕಡ್ಡಾಯ ನೋಂದಣಿ ಪಟ್ಟಿಗೆ ಸೇರಿಸಲಾಯಿತು. ಬ್ಯೂರೋದ ಗುರುತು, ‘ಐಎಸ್ 16046’ ಎಂಬ ಸಂಖ್ಯೆ ಮತ್ತು ‘ಆರ್-’ ಎಂದು ಆರಂಭವಾಗುವ 8 ಅಂಕಿಗಳ ನೋಂದಣಿ ಸಂಖ್ಯೆ ಇವೆಯೇ ಎಂದು ನೋಡಬೇಕು. ಆ ಸಂಖ್ಯೆ ನಿಜವೇ ಎಂಬುದನ್ನು ಬ್ಯೂರೋದ ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

(ಆ) ಪೊಟ್ಟಣದ ಘೋಷಣೆಗಳು: ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರಂತೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಶೆಲ್‌ಗಳ ಸಂಖ್ಯೆ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ ವಿವರ ಇರತಕ್ಕದ್ದು.

(ಇ) ಸಾಮರ್ಥ್ಯ: ಇದನ್ನು ‘ಎಂಎಎಚ್’, ಅಂದರೆ ಮಿಲಿಆಂಪಿಯರ್-ಗಂಟೆಗಳಲ್ಲಿ ಮುದ್ರಿಸಲಾಗಿರುತ್ತದೆ. ‘ಎಎ’ ಗಾತ್ರದ ನಿಕ್ಕಲ್-ಮೆಟಲ್ ಹೈಡ್ರೈಡ್ ಶೆಲ್‌ನಲ್ಲಿ ಇದು ಸಾಮಾನ್ಯವಾಗಿ 1900ರಿಂದ 2700ರ ನಡುವೆ ಇರುತ್ತದೆ. ಇದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆ ಮುದ್ರಿತವಾಗಿದ್ದರೆ ಅನುಮಾನಿಸಬೇಕು.

(ಈ) ದಪ್ಪ ಶೆಲ್: ಕೆಲವು ‘ಡಿ’ ಗಾತ್ರದ ಮರುಚಾರ್ಜ್ ಶೆಲ್‌ಗಳಲ್ಲಿ ಹೊರಗಿನ ಚಿಪ್ಪು ಮಾತ್ರ ದೊಡ್ಡದಿದ್ದು, ಸಾಮರ್ಥ್ಯ ಪೆನ್ಸಿಲ್ ಶೆಲ್ಲಿನಷ್ಟೇ ಇರುತ್ತದೆ. ಗಾತ್ರವನ್ನು ನೋಡಿ ಬೆಲೆ ಕೊಡದೆ ಮುದ್ರಿತ ಸಾಮರ್ಥ್ಯವನ್ನು ಓದಿ ಕೊಳ್ಳತಕ್ಕದ್ದು.

(ಉ) ರಶೀದಿ: ಅಂಗಡಿ ಅಥವಾ ಸಂತೆಯಲ್ಲಿ ಕೊಂಡರೂ ಬಿಲ್ ಪಡೆದು, ಪೊಟ್ಟಣದೊಂದಿಗೆ ಕಾಯ್ದಿರಿಸಿಕೊಳ್ಳುವುದು ಅಗತ್ಯ.

8. ಚಾರ್ಜ್ ಮಾಡುವ ಕ್ರಮ

(ಅ) ಶೆಲ್‌ನ ವಿಧಕ್ಕೆ ಹೊಂದುವ ಚಾರ್ಜರನ್ನೇ ಬಳಸತಕ್ಕದ್ದು. ನಿಕ್ಕಲ್ ಶೆಲ್‌ನ ಚಾರ್ಜರಿನಲ್ಲಿ ಮರುಚಾರ್ಜ್ ಆಲ್ಕಲೈನ್ ಶೆಲ್ಲನ್ನಾಗಲಿ, ಯುಎಸ್‌ಬಿ ಮೂಲಕ ಚಾರ್ಜ್ ಆಗುವ 1.5 ವೋಲ್ಟಿನ ಲಿಥಿಯಂ ಶೆಲ್ಲನ್ನಾಗಲಿ ಇಡಬಾರದು.

(ಆ) ಚಾರ್ಜಿನ ಅವಧಿಯನ್ನು ತಿಳಿಯಲು ಶೆಲ್‌ನ ಸಾಮರ್ಥ್ಯವನ್ನು ಚಾರ್ಜರ್ ನೀಡುವ ಮಿಲಿಆಂಪಿಯರ್‌ನಿಂದ ಭಾಗಿಸಿ, ನಷ್ಟಕ್ಕಾಗಿ ಸ್ವಲ್ಪ ಸೇರಿಸಬೇಕು. 2000 ಸಾಮರ್ಥ್ಯದ ಶೆಲ್‌ಗೆ 200 ಮಿಲಿಆಂಪಿಯರ್ ಚಾರ್ಜರಿನಲ್ಲಿ ಸುಮಾರು 12ರಿಂದ 14 ಗಂಟೆ ಬೇಕಾಗುತ್ತದೆ.

(ಇ) ಗ್ರಾಮಾಂತರದ ಗ್ರಾಹಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು: ಕೆಲವು ಅಗ್ಗದ ಚಾರ್ಜರ್‌ಗಳು ಶೆಲ್ ತುಂಬಿದುದನ್ನು ಗುರುತಿಸದೆ, ನಿಗದಿತ ಗಂಟೆಗಳ ನಂತರ ನಿಲ್ಲುತ್ತವೆ. ನಡುವೆ ವಿದ್ಯುತ್ ಹೋಗಿ ಬಂದರೆ ಆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುವ ಸಂಭವವಿದೆ. ಆಗ ತುಂಬಿದ ಶೆಲ್‌ಗೆ ಮತ್ತೆ ಚಾರ್ಜ್ ಏರಿ ಅದು ಬಿಸಿಯಾಗಿ, ಆಯುಷ್ಯ ಕಡಿಮೆಯಾಗುತ್ತದೆ. ವಿದ್ಯುತ್ ಆಗಾಗ್ಗೆ ಹೋಗುವ ಊರುಗಳಲ್ಲಿ, ಪ್ರತಿ ಶೆಲ್ ತುಂಬಿದುದನ್ನು ತಾನೇ ಗುರುತಿಸಿ ನಿಲ್ಲುವ ಚಾರ್ಜರನ್ನು ಕೊಳ್ಳುವುದು ಮೇಲು.

(ಈ) ಚಾರ್ಜ್ ಮಾಡುವಾಗ ಶೆಲ್ ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಕೂಡಲೇ ಚಾರ್ಜರಿನ ಸ್ವಿಚ್ ಆರಿಸಬೇಕು. ಬಿಸಿಲಿಗೆ ಕಾಯುವ ಶೀಟಿನ ಕೆಳಗೆ, ಹಾಸಿಗೆಯ ಮೇಲೆ, ಒಲೆಯ ಬಳಿ ಚಾರ್ಜ್ ಮಾಡಬಾರದು.

(ಉ) ಒಂದೇ ಉಪಕರಣದಲ್ಲಿ ಹಳೆಯದು ಹೊಸದು, ಬೇರೆ ಬೇರೆ ಸಾಮರ್ಥ್ಯ ಅಥವಾ ವಿಧದ ಶೆಲ್‌ಗಳನ್ನು ಬೆರೆಸಬಾರದು. ದುರ್ಬಲ ಶೆಲ್ ಮೊದಲು ಬರಿದಾದ ಮೇಲೂ ಉಳಿದವು ಅದರ ಮೂಲಕ ವಿದ್ಯುತ್ ಹರಿಸುವುದರಿಂದ ಅದು ಕೆಟ್ಟು ಸೋರುತ್ತದೆ. ಜೊತೆಯಾಗಿ ಕೊಂಡ ಶೆಲ್‌ಗಳ ಮೇಲೆ ಕೊಂಡ ತಿಂಗಳನ್ನು ಬರೆದಿಟ್ಟುಕೊಂಡರೆ ಬೆರಕೆಯಾಗುವುದಿಲ್ಲ.

9. ಸುರಕ್ಷತೆ

ಎಸೆಯುವ ಶೆಲ್‌ಗಳನ್ನು ಯಾವ ಚಾರ್ಜರಿನಲ್ಲಿಯೂ ಚಾರ್ಜ್ ಮಾಡಬಾರದು. ಒಳಗೆ ಅನಿಲ ಉತ್ಪತ್ತಿಯಾಗಿ ಶೆಲ್ ಸೋರಬಹುದು ಅಥವಾ ಸಿಡಿಯಬಹುದು. ಮುಗಿದ ಶೆಲ್ಲನ್ನು ಬಿಸಿಲಿನಲ್ಲಿಟ್ಟು ಮತ್ತೆ ಬಳಸುವ ರೂಢಿ ಹಳ್ಳಿಗಳಲ್ಲಿದೆ. ಶಾಖದಿಂದ ಅಳಿದುಳಿದ ರಾಸಾಯನಿಕ ಕ್ರಿಯೆ ತುಸು ಹೊತ್ತು ಚುರುಕಾಗುತ್ತದೆಯೇ ಹೊರತು ಶೆಲ್ ಮರುಚಾರ್ಜ್ ಆಗುವುದಿಲ್ಲ. ಸೋರುವ ಸಂಭವ ಮಾತ್ರ ಹೆಚ್ಚುತ್ತದೆ.

ಆಲ್ಕಲೈನ್ ಶೆಲ್‌ನಿಂದ ಸೋರುವ ದ್ರವವು ಚರ್ಮ ಮತ್ತು ಕಣ್ಣನ್ನು ಸುಡುತ್ತದೆ. ಕಣ್ಣಿಗೆ ಬಿದ್ದಲ್ಲಿ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ತಕ್ಷಣ ವೈದ್ಯರನ್ನು ಕಾಣಬೇಕು. ಉಪಕರಣದೊಳಗೆ ಸೋರಿ ಬಿಳಿಯ ಪುಡಿ ಕಟ್ಟಿದ್ದರೆ ಕೈಗವಸು ಧರಿಸಿ, ಶೆಲ್‌ಗಳನ್ನು ತೆಗೆದು, ನಿಂಬೆರಸ ಅಥವಾ ವಿನೆಗರ್‌ನಲ್ಲಿ ತುಸುವೇ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಬಹುದು.

ಶಾಲೆಯ ಕಪ್ಪು ಹಲಗೆಗೆ ಬಳಿಯಲು ಹಳೆಯ ಶೆಲ್ ಒಡೆದು ಮಸಿ ತೆಗೆಯುವ ರೂಢಿ ಹಿಂದೆ ಹಲವೆಡೆ ಇತ್ತು. ಯಾವ ಶೆಲ್ಲನ್ನೂ ಮಕ್ಕಳು ಒಡೆಯದಂತೆ ನೋಡಿಕೊಳ್ಳಬೇಕು. ಶೆಲ್‌ಗಳನ್ನು ಬೀಗದ ಕೈ, ನಾಣ್ಯಗಳೊಂದಿಗೆ ಜೇಬಿನಲ್ಲಿ ಇಟ್ಟುಕೊಂಡರೆ ಎರಡು ತುದಿಗಳು ಕೂಡಿ ಸುಟ್ಟ ಗಾಯವಾಗಬಹುದು.

10. ಮುಗಿದ ಶೆಲ್‌ಗಳ ವಿಲೇವಾರಿ

ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಬಳಸಿದ ಬ್ಯಾಟರಿಗಳನ್ನು ಗೃಹ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದವು. 2022ರ ಆಗಸ್ಟ್‌ನಲ್ಲಿ ಹೊರಡಿಸಲಾದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022, ಸಣ್ಣ ಶೆಲ್‌ಗಳೂ ಸೇರಿದಂತೆ ಎಲ್ಲ ವಿಧದ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಇವುಗಳಂತೆ ಮುಗಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಳಪಡಿಸುವ ಹೊಣೆ ಉತ್ಪಾದಕರದು. ಬಳಕೆದಾರರ ಕರ್ತವ್ಯವೆಂದರೆ ಅವನ್ನು ಮನೆಯ ಇತರ ಕಸದೊಂದಿಗೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವವರಿಗೆ ನೀಡುವುದು. ಶೆಲ್‌ನ ಮೇಲೆ ಅಡ್ಡಗೆರೆ ಹೊಡೆದ ಕಸದ ತೊಟ್ಟಿಯ ಚಿತ್ರವಿರುವುದು ಇದನ್ನೇ ಸೂಚಿಸಲು.

ಮುಗಿದ ಶೆಲ್‌ಗಳ ತುದಿಗೆ ಅಂಟುಪಟ್ಟಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಣಗಿದ ಸ್ಥಳದಲ್ಲಿ ಕೂಡಿಡಬೇಕು. ಗ್ರಾಮ ಪಂಚಾಯಿತಿ ಅಥವಾ ಪಟ್ಟಣದ ಕಸ ಸಂಗ್ರಹಣಾ ವಾಹನ ಬಂದಾಗ ಪ್ರತ್ಯೇಕವಾಗಿ ನೀಡಿ, ಶೆಲ್ ಎಂದು ತಿಳಿಸಬೇಕು. ಕಾವೇರಿ ನದಿಗೆ, ನಾಲೆಗೆ, ಕೆರೆಗೆ ಅಥವಾ ತಿಪ್ಪೆಗೆ ಎಸೆಯಬಾರದು. ತಿಪ್ಪೆಯ ಗೊಬ್ಬರ ಮರಳಿ ಗದ್ದೆಗೇ ಸೇರುತ್ತದೆ. ಒಲೆಗೆ ಅಥವಾ ಬ್ಯಾರನ್ನಿನ ಬೆಂಕಿಗೆ ಹಾಕಿದ ಶೆಲ್ ಸಿಡಿಯುತ್ತದೆ.

11. ದೋಷವಿದ್ದಲ್ಲಿ ಪರಿಹಾರ ಪಡೆಯುವ ವಿಧಾನ

ಮುದ್ರಿತ ಸಾಮರ್ಥ್ಯ ಸುಳ್ಳಾಗಿದ್ದಲ್ಲಿ, ಗರಿಷ್ಠ ಬೆಲೆಗಿಂತ ಹೆಚ್ಚು ಪಡೆದಲ್ಲಿ ಅಥವಾ ಶೆಲ್ ಸೋರಿ ಉಪಕರಣ ಹಾಳಾದಲ್ಲಿ ಗ್ರಾಹಕರು ಈ ಕೆಳಕಂಡ ಕ್ರಮ ಅನುಸರಿಸಬಹುದು.

(ಅ) ಮೊದಲು ಮಾರಾಟಗಾರರಿಗೆ ಮತ್ತು ಪೊಟ್ಟಣದ ಮೇಲಿನ ಸಂಪರ್ಕ ವಿಳಾಸಕ್ಕೆ ಲಿಖಿತವಾಗಿ ತಿಳಿಸುವುದು. ಕೆಟ್ಟ ಶೆಲ್, ಪೊಟ್ಟಣ ಮತ್ತು ಬಿಲ್ಲನ್ನು ಕಾಯ್ದಿರಿಸುವುದು.

(ಆ) ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುವುದು.

(ಇ) ಇದರಿಂದ ಪರಿಹಾರ ದೊರೆಯದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ದೂರು ಸಲ್ಲಿಸುವುದು. ದೂರುದಾರರು ವಾಸಿಸುವ ಸ್ಥಳದ ಆಯೋಗದಲ್ಲಿಯೇ ದೂರು ನೀಡಲು ಅವಕಾಶವಿರುವುದರಿಂದ, ಸಾಲಿಗ್ರಾಮದ ನಿವಾಸಿಯು ದೂರದ ಊರಿನ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ಕೊಂಡಿದ್ದರೂ ಮೈಸೂರಿನಲ್ಲಿಯೇ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವ್ಯಾಜ್ಯದ ಕಾರಣ ಉದ್ಭವಿಸಿದ 2 ವರ್ಷದೊಳಗೆ ದೂರು ನೀಡತಕ್ಕದ್ದು. ವಕೀಲರ ಮೂಲಕವೇ ಹೋಗಬೇಕೆಂಬ ಕಡ್ಡಾಯವಿಲ್ಲ.

ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದಲ್ಲಿ ಆಯೋಗವು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಆದುದರಿಂದ ಕೆಟ್ಟ ಶೆಲ್ಲನ್ನು ಕೋಪದಿಂದ ಎಸೆದುಬಿಡದೆ ಜೋಪಾನವಾಗಿ ಇಟ್ಟುಕೊಳ್ಳುವಂತೆ ಗ್ರಾಹಕರನ್ನು ಕೋರಲಾಗಿದೆ. ಶೆಲ್‌ನ ಬೆಲೆ ಅಲ್ಪವಾದರೂ ಅದನ್ನು ಕೊಂಡವರಿಗೆ ಕಾನೂನು ನೀಡಿರುವ ಹಕ್ಕು ಅಲ್ಪವಲ್ಲ.